ಮೂವತ್ತೊಂದು ನೋಟ್‌ಬುಕ್ಕುಗಳಲ್ಲಿ ಇರದ ಹೆಸರು

ಕುವೈತಿನ ಫಹಾಹೀಲ್ ಪಟ್ಟಣದ ಸಮುದ್ರದಂಡೆಯಿಂದ ಹಿಡಿದು ಪೇಟೆಯ ಕೊನೆಯ ಚಿನ್ನದಂಗಡಿಯವರೆಗೆ ಯಾರನ್ನು ಬೇಕಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ: ಬೃಂದಮ್ಮನ ಬಾಯಿಂದ ಇವತ್ತಿನವರೆಗೆ ಯಾರ ಹೆಸರೂ ಗಾಯಗೊಂಡು ಹೊರಬಂದಿಲ್ಲ.

ರಾಜಮಹಾರಾಜರು ಕೋಟೆ ಗೆದ್ದು ಹೆಸರು ಮಾಡಿದರು. ಬೃಂದಮ್ಮ ನೇರವಾಗಿ ಹೆಸರುಗಳನ್ನೇ ಗೆದ್ದರು. ಅವರ ರಣರಂಗ ಪೇಟೆಯ ಹಿಂದಿನ ರಸ್ತೆಯಲ್ಲಿರುವ ಮೂರಂತಸ್ತಿನ ಖಾಸಗಿ ಕ್ಲಿನಿಕ್ಕಿನ ರಿಸೆಪ್ಷನ್ ಕೌಂಟರು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಕುಳಿತು, ನಲವತ್ತು ದೇಶಗಳ ರೋಗಿಗಳನ್ನು ಅವರವರ ತಾಯಿ ಕರೆದ ಹಾಗೆ ಕರೆದು ಡಾಕ್ಟರ ಕೋಣೆಗೆ ಕಳಿಸಿದ್ದಾರೆ. ಮಡಗಾಸ್ಕರಿನ ಹಡಗಿನ ಅಡುಗೆಯವನೊಬ್ಬ ಹಲ್ಲುನೋವೆಂದು ಬಂದಿದ್ದನಂತೆ. ಅವನ ಹೆಸರು ಎಷ್ಟು ಉದ್ದವೆಂದರೆ, ಬಂದರು ಬಂದರಿನಲ್ಲಿ ಜನ ಸೋತು ಅವನನ್ನು ಮಿಸ್ಟರ್ ಎಂ ಎಂದು ಕರೆದು ಕೈತೊಳೆದುಕೊಂಡಿದ್ದರು. ಬೃಂದಮ್ಮ ಒಂದೇ ಉಸಿರಿನಲ್ಲಿ ಅಷ್ಟನ್ನೂ ಕರೆದಾಗ ಅವನ ಕಣ್ಣು ತುಂಬಿ, ನೋವು ಮರೆತು, ಹಲ್ಲು ಕೀಳಿಸಿಕೊಳ್ಳದೆಯೇ ಹಡಗಿಗೆ ಹೊರಟುಹೋದ. ಇನ್ನೊಮ್ಮೆ ಒಬ್ಬ ಅರಬ ಹಿರಿಯರ ಹೆಸರನ್ನು ತಂದೆ, ತಾತ, ಮುತ್ತಾತರ ಸಮೇತ ಕರೆಯುವಾಗ, ಐದನೆಯ ತಲೆಮಾರು ಬರುವಷ್ಟರಲ್ಲಿ ಫಾರ್ಮಸಿಯವನು ಯಾರೋ ದೊಡ್ಡವರು ಬರುತ್ತಿದ್ದಾರೆಂದು ಎದ್ದು ನಿಂತನಂತೆ.

ಇದೆಲ್ಲ ಅಂತೆಕಂತೆ ಇರಬಹುದು. ಆದರೆ ದೂರದ ಸುಲೈಬಿಯಾದ ಗೋದಾಮುಗಳಿಂದ ಶುಕ್ರವಾರ ಎರಡು ಬಸ್ಸು ಬದಲಾಯಿಸಿ ಬರುವವರು ಇರುವುದು ನಿಜ. ಅಲ್ಲಿ ಕೂಲಿಯವರನ್ನೆಲ್ಲ ಒಂದೇ ಸಮ ಕರೆಯುವ ಹಾಗೆ ವಾರವಿಡೀ 'ಏ ರಫೀಕ್', ಅಂದರೆ ಏ ಗೆಳೆಯ, ಎಂದಷ್ಟೇ ಕರೆಸಿಕೊಂಡ ಮನುಷ್ಯ ವಾಸಿಯಾದ ಕೆಮ್ಮನ್ನೇ ಮತ್ತೊಮ್ಮೆ ಕೆಮ್ಮಿ ತೋರಿಸಿ, ತನ್ನ ಹೆಸರು ಸರಿಯಾಗಿ ಕೇಳಿಸಿಕೊಂಡು, ಹಗುರಾಗಿ ಹಿಂತಿರುಗುತ್ತಾನೆ.

ಬೃಂದಮ್ಮನ ಆಯುಧ ಒಂದು ಉದ್ದನೆಯ ಗೆರೆ ನೋಟ್‌ಬುಕ್ಕು. ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಮೂಡುವ ಹೆಸರನ್ನು ಅವರು ನಂಬುವುದಿಲ್ಲ. "ನಿಮ್ಮ ಬಾಯಲ್ಲೇ ಒಂದ್ಸಲ ಹೇಳಿ," ಎನ್ನುತ್ತಾರೆ. ಕೇಳಿದ್ದನ್ನು ಕೇಳಿದ ಹಾಗೆ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಎರಡನೆಯ ಪ್ರಶ್ನೆ: "ಏನರ್ಥ?" ಅದನ್ನೂ ಪಕ್ಕದಲ್ಲಿ ಬರೆಯುತ್ತಾರೆ. ಹೀಗೆ ಮೂವತ್ತೊಂದು ನೋಟ್‌ಬುಕ್ಕುಗಳು ತುಂಬಿವೆ. ಅವುಗಳಲ್ಲಿ ಟರ್ಕಿಯ ಹೆಣ್ಣುಮಕ್ಕಳದೇ ಒಂದು ಅಂತಃಪುರ. ಐಲಿನ್, ಚಂದ್ರನ ಸುತ್ತಲಿನ ಬೆಳಕಿನ ಬಳೆ. ಗುಲಾಯ್, ಗುಲಾಬಿ ಮತ್ತು ಚಂದ್ರ ಎರಡೂ. ನಿಲುಫೆರ್, ನೀರಿನ ತಾವರೆ. ಈ ಹೆಸರು ನಮ್ಮ ನೀಲೋತ್ಪಲವೇ ಪರ್ಷಿಯಾದ ಮೇಲೆ ಹಾದು ಬೇರೆ ಸೀರೆ ಉಟ್ಟು ಬಂದದ್ದೆಂದು ತಿಳಿದ ದಿನ ಬೃಂದಮ್ಮ ಆ ರೋಗಿಯನ್ನು ನೆಂಟಳಂತೆ ನೋಡಿ ಸರದಿ ತಪ್ಪಿಸಿ ಒಳಗೆ ಬಿಟ್ಟಿದ್ದರು.

ನಡುವೆ ಆಡಳಿತದವರು ಟೋಕನ್ ಯಂತ್ರವೊಂದನ್ನು ತಂದು ನಿಲ್ಲಿಸಿದ್ದುಂಟು. ಅದು "ನಂಬರ್ ಫಾರ್ಟಿ ಸೆವೆನ್" ಎಂದು ಕೂಗಿದರೆ ಯಾರೂ ಏಳುತ್ತಿರಲಿಲ್ಲ. ಬೃಂದಮ್ಮನ ಕಡೆಗೇ ನೋಡುತ್ತಿದ್ದರು. ಯಂತ್ರ ಎರಡು ವಾರ ಹೋರಾಡಿ ಶರಣಾಯಿತು. ಈಗ ಹಿಂದಿನ ಮೂಲೆಯಲ್ಲಿ ಅದರ ಕುತ್ತಿಗೆಗೆ ಒರೆಸುವ ಬಟ್ಟೆ ಒಣಗಿಸುತ್ತಾರೆ.

ಇಂಥ ವೀರವನಿತೆಗೂ ಒಂದು ಮರ್ಮಸ್ಥಾನವಿತ್ತು. ಆ ಮೂವತ್ತೊಂದು ನೋಟ್‌ಬುಕ್ಕುಗಳಲ್ಲಿ ಒಂದೇ ಒಂದು ಹೆಸರು ಇರಲಿಲ್ಲ. ಅದು ಅವರದೇ.

ಎದೆಯ ಮೇಲಿನ ಬ್ಯಾಡ್ಜಿನಲ್ಲಿದ್ದ ಬೃಂದಾ ಎಂಬುದು ಮದುವೆಯ ದಿನ ಗಂಡನ ಮನೆಯವರು ಇಟ್ಟ ಹೆಸರು. ಹುಟ್ಟಿನ ಹೆಸರು ಬೇರೆ. ಮದ್ದೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಿದ್ದ ಬಸವೇಗೌಡರಿಗೆ ಐದನೆಯದೂ ಹೆಣ್ಣಾದಾಗ, ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತ ಅಜ್ಜಿ ಮೇಲಿನವನಿಗೆ ಕೇಳುವಷ್ಟು ಗಟ್ಟಿಯಾಗಿ, "ಸಾಕಮ್ಮ ಅಂತ ಹೆಸರಿಡಿ," ಎಂದಿದ್ದರು. ಸಾಕು ಎಂದರೆ ಸಾಕು. ಹೆಣ್ಣುಮಕ್ಕಳ ಸರಬರಾಜು ಇಲ್ಲಿಗೆ ನಿಲ್ಲಲಿ ಎಂಬ ಅರ್ಜಿಯನ್ನು ಕೂಸಿನ ಹಣೆಗೇ ಅಂಟಿಸಿದ ಹಾಗೆ. ಎರಡು ವರ್ಷಕ್ಕೆ ಮತ್ತೊಂದು ಹೆಣ್ಣಾಯಿತು. ಅರ್ಜಿ ತಿರಸ್ಕೃತವಾದ ಬೇಸರಕ್ಕೋ ಏನೋ, ಅದಕ್ಕೆ ಪಾವನಾ ಎಂದು ಚಂದದ ಹೆಸರಿಟ್ಟರು. ಆಮೇಲೆ ವಿವೇಕ್ ಹುಟ್ಟಿ ಮನೆಯವರು ನಿಟ್ಟುಸಿರು ಬಿಟ್ಟರು. ಹೀಗೆ ಸಾಕಮ್ಮ ಹುಟ್ಟಿದಾಗಲೇ ಕೊಟ್ಟ ಕೆಲಸದಲ್ಲಿ ಫೇಲಾದವಳು.

ಹೆಸರಿನ ಜೊತೆ ಬದುಕುವುದು ಸುಲಭವಿರಲಿಲ್ಲ. ನೆಂಟರ ಮದುವೆಯ ಪಂಕ್ತಿಯಲ್ಲಿ ಪಾಯಸದ ಬಕೆಟ್ಟು ಅವಳ ಎಲೆಯ ಮುಂದೆ ಬಂದಾಗಲೆಲ್ಲ ಯಾವನಾದರೊಬ್ಬ ಸೋದರಮಾವ, "ಸಾಕಾ ಸಾಕಮ್ಮ?" ಎನ್ನುವನು. ಪಂಕ್ತಿಗೆ ಪಂಕ್ತಿಯೇ ನಗುವುದು. ಅವಳು ಹೂಂ ಅಂದರೂ ನಗು, ಉಹೂಂ ಅಂದರೆ ಇನ್ನೂ ದೊಡ್ಡ ನಗು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೇಲೆ ಏರಿದ ಹೆಸರು ಅಲ್ಲಿಂದ ಪಾಸ್‌ಪೋರ್ಟಿಗೂ ಕುವೈತಿನ ಸಿವಿಲ್ ಐಡಿಗೂ ಬಿಡದೆ ಹಿಂಬಾಲಿಸಿ ಬಂತು. ಆದರೆ ಕುವೈತಿನಲ್ಲಿ ಒಂದು ಅನುಕೂಲ. ಈಜಿಪ್ಟಿನ ಮ್ಯಾನೇಜರಿಗಾಗಲಿ ಫಿಲಿಪ್ಪೀನ್ಸಿನ ನರ್ಸಿಗಾಗಲಿ ಅದು ಬರೀ ಒಂದು ಸದ್ದು. ಅರ್ಥ ಗೊತ್ತಾಗುವುದು ಕನ್ನಡದವರಿಗೆ ಮಾತ್ರ. ಕನ್ನಡದವರಿಗೆ ಗೊತ್ತಿರುವುದು ಬ್ಯಾಡ್ಜು ಮಾತ್ರ. ಈ ಎರಡು ಗೋಡೆಗಳ ಸಂದಿನಲ್ಲಿ ಇಪ್ಪತ್ತೆರಡು ವರ್ಷ ನೆಮ್ಮದಿಯಾಗಿ ಕಳೆದಿತ್ತು. ಮುನ್ನೆಚ್ಚರಿಕೆಗೆಂದು ಬೃಂದಮ್ಮ 'ಸಾಕು' ಎಂಬ ಪದವನ್ನೇ ಬಾಯಿಂದ ಗಡೀಪಾರು ಮಾಡಿದ್ದರು. ಊಟಕ್ಕೆ ಕರೆದಲ್ಲಿ ಅನ್ನ ಹೆಚ್ಚಾದರೆ "ಖಲಾಸ್ ಖಲಾಸ್" ಎನ್ನುತ್ತಿದ್ದರು. ಜೊತೆಗೆ ಕೆಲಸ ಮಾಡುವ ಮಂಗಳೂರು ಕಡೆಯ ನರ್ಸ್ ಡೆಲ್ಮಾ, "ಬೃಂದಕ್ಕ ಅರ್ಧ ಅರಬಿ ಆಗಿದ್ದಾರೆ," ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಳು.

ಗಂಡ ಶ್ಯಾಮಸುಂದರ್ ತೈಲ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್. ಅವನಿಗೆ ಗುಟ್ಟು ಗೊತ್ತಿತ್ತು, ಆದರೆ ಅವನಿಂದ ಅಪಾಯವಿರಲಿಲ್ಲ. ಹಳೇ ಹೆಸರಾಗಲಿ ಹೊಸ ಹೆಸರಾಗಲಿ ಅವನು ಹೆಂಡತಿಯನ್ನು "ಇವಳೇ" ಎಂದೇ ಕರೆಯುತ್ತಿದ್ದ.

ಅಪಾಯ ಬಂದದ್ದು ಅಭಿಮಾನದ ರೂಪದಲ್ಲಿ. ಫಹಾಹೀಲಿನ ಕನ್ನಡ ಬಳಗದವರು ಈ ಸಲದ ರಾಜ್ಯೋತ್ಸವದಲ್ಲಿ ಬೃಂದಮ್ಮನನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದರು. ವೇದಿಕೆಯಲ್ಲಿ ಹೆಸರು ಓದುವವರೆಗೆ ಸಭೆಯವರಿಗೆ ಅದು ಗುಟ್ಟು. ಬಳಗದ ಕಾರ್ಯದರ್ಶಿ ಕೊನ್ರಾಡ್, ಡೆಲ್ಮಾಳ ಗಂಡ, ಸುದ್ದಿ ಹೇಳಲು ಕ್ಲಿನಿಕ್ಕಿಗೇ ಬಂದ.

"ಬೃಂದಕ್ಕ, ಶಾಲು, ಪೇಟ, ಹಾರ, ಫಲಕ, ಎಲ್ಲ ಉಂಟು. ನೀವು ಬಂದು ನಿಂತರೆ ಆಯಿತು. ನಿಮ್ಮ ಸಿವಿಲ್ ಐಡಿಯ ಫೋಟೋ ಒಂದು ಕಳಿಸಿ, ಹಾಂ?"

"ಐಡಿ ಯಾಕಪ್ಪಾ?"

"ಫಲಕಕ್ಕೆ ಮಾರಾಯ್ರೆ. ಹೆಸರು ಐಡಿಯಲ್ಲಿ ಇದ್ದ ಹಾಗೇ ಕೆತ್ತಿಸುವುದು ಅಂತ ಕಮಿಟಿಯ ರೂಲ್. ಕಳೆದ ವರ್ಷದ್ದು ನೆನಪುಂಟಲ್ಲ."

ಕಳೆದ ವರ್ಷದ್ದನ್ನು ಯಾರು ಮರೆತಾರು. ಹಿರಿಯ ಎಂಜಿನಿಯರೊಬ್ಬರ ಸನ್ಮಾನಕ್ಕೆಂದು ಸಮಿತಿಯವರು ಅವರ ವಾಸದ ಪರವಾನಗಿಯಾದ ಇಕಾಮಾ ಕಾಗದದ ನಕಲು ತರಿಸಿಕೊಂಡು, ಅರಬಿಯ ತಪ್ಪು ಸಾಲನ್ನು ಓದಿ, ಎಂಜಿನಿಯರರ ಬದಲು ಅವರ ವೀಸಾಕ್ಕೆ ಹೊಣೆ ನಿಂತ ಧಣಿಯ, ಅಂದರೆ ಕಫೀಲರ, ಹೆಸರನ್ನು ಫಲಕದಲ್ಲಿ ಕೆತ್ತಿಸಿದ್ದರು. ಅತಿಥಿಯಾಗಿ ಮೊದಲ ಸಾಲಿನಲ್ಲಿ ಕುಳಿತಿದ್ದ ಕಫೀಲರು ತಮ್ಮ ಹೆಸರು ಕೇಳಿ ಸಂತೋಷದಿಂದ ವೇದಿಕೆ ಹತ್ತಿದರು. ಪೇಟ ತೊಡಿಸಿಕೊಂಡರು. ಕನ್ನಡಕ್ಕೆ ತಾವು ಸಲ್ಲಿಸಿದ ಸೇವೆಯ ಬಗ್ಗೆ ಅರಬಿಯಲ್ಲಿ ನಾಲ್ಕು ಮಾತಾಡಿದರು. ಎರಡು ಹೋಳಿಗೆ ತಿಂದು ಫಲಕ ಕಂಕುಳಲ್ಲಿಟ್ಟುಕೊಂಡು ಹೊರಟರು. ಎಂಜಿನಿಯರರು ಕೊನೆಯವರೆಗೂ ಚಪ್ಪಾಳೆ ತಟ್ಟಿದರು. ಬೇರೇನೂ ಮಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ.

"ಬೃಂದಾ ಅಂತ ಹಾಕ್ಸಿ ಕೊನ್ರಾಡ್. ಅಷ್ಟು ಹಾಕ್ಸಿದ್ರೆ ಖಲಾಸ್."

"ಇಲ್ಲ ಅಕ್ಕ. ಈ ಸಲ ಸ್ಕೇಲ್ ಇಟ್ಟು ಸಾಲು ಓದುವುದು."

ಬೃಂದಮ್ಮ ಐಡಿ ಕಳಿಸಲಿಲ್ಲ. ಮೊದಲು ಕಾರ್ಡು ಎಲ್ಲಿಟ್ಟೆನೋ ಅಂದರು. ಆಮೇಲೆ ಫೋನಿನ ಕ್ಯಾಮರಾ ಕೆಟ್ಟಿತು. ಆಮೇಲೆ ಕಾರ್ಡು ನವೀಕರಣಕ್ಕೆ ಹೋಯಿತು. ನಾಲ್ಕನೆಯ ನೆಪ ಹುಡುಕುವಷ್ಟರಲ್ಲಿ ಕೊನ್ರಾಡ್ ಶ್ಯಾಮಸುಂದರನಿಗೆ ಫೋನು ಮಾಡಿದ, ಶ್ಯಾಮಸುಂದರ್ ಟೀವಿಯಲ್ಲಿ ಕ್ರಿಕೆಟ್ ನೋಡುತ್ತ ಒಂದು ಕೈಯಿಂದ ಫೋಟೋ ರವಾನಿಸಿಬಿಟ್ಟ.

"ಕಳ್ಸಿದ್ರಾ? ಕಳ್ಸೇ ಬಿಟ್ರಾ?"

"ಕೇಳಿದ ಕಣೇ. ಕೊಟ್ಟೆ. ಏನೀಗ?"

"ನಾನೂರು ಜನ ಕನ್ನಡದೋರ ಮುಂದೆ ಮೈಕಲ್ಲಿ ಕೂಗ್ತಾರೆ ಕಣ್ರೀ ಅದನ್ನ. ಆಮೇಲೆ ಊಟಕ್ಕೆ ಬಫೆ ಇರುತ್ತೆ. ಪಾಯಸ ಇರುತ್ತೆ."

ಶ್ಯಾಮಸುಂದರನಿಗೆ ಪಾಯಸಕ್ಕೂ ಇದಕ್ಕೂ ಏನು ಸಂಬಂಧವೆಂದು ತಿಳಿಯಲಿಲ್ಲ. ಓವರು ಮುಗಿಯಲಿ ಎಂದು ಕೈ ಎತ್ತಿದ.

ಇನ್ನು ಹನ್ನೆರಡು ದಿನ ಉಳಿದಿತ್ತು. ಆ ಹನ್ನೆರಡು ದಿನಗಳ ಮೊದಲನೆಯ ದಿನವೇ ಕ್ಲಿನಿಕ್ಕಿನ ಬಾಗಿಲು ತಳ್ಳಿಕೊಂಡು ಯೆತೆರ್ ಬಂದಳು.

ಐವತ್ತರ ಆಸುಪಾಸಿನ ಟರ್ಕಿಯ ಹೆಂಗಸು. ಪೇಟೆಯ ಲೇಡೀಸ್ ಸಲೂನಿನಲ್ಲಿ ಕೂದಲು ಕತ್ತರಿಸುವ ಕೆಲಸ. ವರ್ಷಗಟ್ಟಲೆ ಡ್ರೈಯರ್ ಎತ್ತಿ ಹಿಡಿದು ಬಲಭುಜ ಮುಷ್ಕರ ಹೂಡಿತ್ತು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿ ಬರೆದಿದ್ದರು. ಅವಳೂ ಬೃಂದಮ್ಮನೂ ಮಾತಾಡಿದ್ದು ಕ್ಲಿನಿಕ್ಕಿನ ಭಾಷೆಯಲ್ಲಿ. ಅರ್ಧ ಅರಬಿ, ಅರ್ಧ ಇಂಗ್ಲಿಷು, ಉಳಿದದ್ದು ಕೈಸನ್ನೆ. ಹೊಂದಿಸಿ ಕನ್ನಡದಲ್ಲಿ ಹೇಳಿದರೆ ಹೀಗೆ:

"ಹೆಸರು ಒಂದ್ಸಲ ನಿಮ್ಮ ಬಾಯಲ್ಲೇ ಹೇಳಿ."

"ಯೆತೆರ್."

ಬೃಂದಮ್ಮ ಬರೆದುಕೊಂಡರು. "ಏನರ್ಥ?"

ಹೆಂಗಸು ಕಣ್ಣು ಮಿಟುಕಿಸದೆ, "ಗುಲಾಬಿ," ಎಂದಳು.

ಬೃಂದಮ್ಮನ ಪೆನ್ನು ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಟರ್ಕಿಯ ಗುಲಾಬಿಗಳು ಅವರ ಕೌಂಟರಿನ ಮುಂದೆ ತೋಟಗಟ್ಟಲೆ ಹಾದುಹೋಗಿದ್ದವು. ಒಂದೊಂದರಲ್ಲೂ ಎಲ್ಲೋ ಒಂದು ಕಡೆ ಗುಲ್ ಇದ್ದೇ ಇರುತ್ತಿತ್ತು. ಗುಲ್ ಇಲ್ಲದ ಗುಲಾಬಿ ಇದೇ ಮೊದಲು. ಆದರೆ ಅವರ ಗಮನ ಸೆಳೆದದ್ದು ಪದವಲ್ಲ, ಆ ಮುಖ. ಪ್ರಶ್ನೆ ಬರುವ ಮೊದಲೇ ಉತ್ತರ ಸಿದ್ಧವಿಟ್ಟುಕೊಂಡ ಮುಖ. ಅದೇ ಮುಖವನ್ನು ಅವರು ದಿನಾ ಬೆಳಿಗ್ಗೆ ಬ್ಯಾಡ್ಜು ಸಿಕ್ಕಿಸಿಕೊಳ್ಳುವಾಗ ಕನ್ನಡಿಯಲ್ಲಿ ನೋಡುತ್ತಿದ್ದರು.

ಅರ್ಥದ ಜಾಗ ಖಾಲಿ ಬಿಟ್ಟು, "ಯೆತೆರ್, ರೂಮ್ ನಂಬರ್ ಮೂರು," ಎಂದರು.

ಎರಡನೆಯ ಸಲ ಬಂದಾಗಲೂ ಕೇಳಿದರು. ಯೆತೆರ್ ಆ ದಿನ, "ಮಲ್ಲಿಗೆ," ಎಂದಳು. ಮೂರನೆಯ ಸಲ ಬೃಂದಮ್ಮ ನೋಟ್‌ಬುಕ್ಕನ್ನು ಅವಳ ಕಡೆಗೆ ತಿರುಗಿಸಿ ಖಾಲಿ ಜಾಗ ತೋರಿಸಿದರು. ಅಕ್ಷರ ತಿಳಿಯದಿದ್ದರೂ ಯೆತೆರ್‌ಗೆ ವಿಷಯ ತಿಳಿಯಿತು. ಅವಳು ಭುಜ ಹಿಡಿದುಕೊಂಡು ನಕ್ಕಳು.

"ಖಲಾಸ್ ಅಂತ ಬರಿ, ಹಬೀಬ್ತಿ. ಯೆತೆರ್ ಅಂದರೆ ಆಯಿತು, ಇಷ್ಟೇ, ಇನ್ನು ಬೇಡ. ನಾನು ಮನೆಗೆ ಆರನೆಯ ಹೆಣ್ಣು."

ಬೃಂದಮ್ಮ ಬರೆಯಲಿಲ್ಲ. ಕೌಂಟರಿನ ಚಿಕ್ಕ ಬಾಗಿಲು ತೆಗೆದು ಅವಳನ್ನು ಒಳಗೆ ಕರೆದು, ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಫ್ಲಾಸ್ಕಿನಿಂದ ಚಹಾ ಬಗ್ಗಿಸಿದರು. ರೋಗಿಗಳು ಆ ಬಾಗಿಲು ದಾಟಿದ ದಾಖಲೆ ಕ್ಲಿನಿಕ್ಕಿನ ಚರಿತ್ರೆಯಲ್ಲಿ ಇರಲಿಲ್ಲ.

"ಹಾಗಾದರೆ ಗುಲಾಬಿ, ಮಲ್ಲಿಗೆ?"

"ಸಮಯ ಉಳಿಯುತ್ತದೆ. 'ಇನ್ನು ಬೇಡ' ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಆಮೇಲೆ ಅವರನ್ನು ನಾನು ಸಮಾಧಾನ ಮಾಡಬೇಕು. ನನಗೆ ಭುಜ ನೋವು, ಅಷ್ಟೆಲ್ಲ ಆಗುವುದಿಲ್ಲ."

ಆ ಮಧ್ಯಾಹ್ನ ಬೃಂದಮ್ಮನಿಗೆ ಒಂದು ಇಡೀ ಕುಲದ ಚರಿತ್ರೆ ಸಿಕ್ಕಿತು. ಅನತೋಲಿಯಾದ ಹಳ್ಳಿಗಳಲ್ಲಿ ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದರೆ ಯೆತೆರ್ ಎಂದಿಡುವುದು ಹಳೆಯ ಕಾಲದಿಂದ ಬಂದ ರೂಢಿಯಂತೆ. ಮನಸ್ಸು ಸ್ವಲ್ಪ ಮೆತ್ತಗಿರುವ ತಂದೆತಾಯಿಯಾದರೆ ಸೊಂಗುಲ್ ಎನ್ನುತ್ತಾರೆ, ಕೊನೆಯ ಗುಲಾಬಿ. ವಿಷಯ ಅದೇ, ಸಕ್ಕರೆ ಹಚ್ಚಿದ್ದಾರೆ. ಆಸೆ ಬಿಡದವರು ದೊನ್ದು ಎನ್ನುತ್ತಾರೆ. ಅಂದರೆ 'ತಿರುಗಿತು'; ಅದೃಷ್ಟ ಇನ್ನು ಗಂಡಿನ ಕಡೆ ತಿರುಗುತ್ತದೆ ಎಂಬ ಘೋಷಣೆ. ಈಗಿನವರು ಯಾರೂ ಇಡುವುದಿಲ್ಲ. ಈಗ ಯೆತೆರ್ ಅಂದರೆ ಅಜ್ಜಿ, ಅತ್ತೆ, ಪಕ್ಕದ ಮನೆಯ ದೊಡ್ಡಮ್ಮ.

"ನೀನು ಹುಟ್ಟಿದ ಮೇಲೆ ನಿಂತಿತಾ?" ಬೃಂದಮ್ಮ ತಮ್ಮ ಕುತೂಹಲವನ್ನು ಸಹಜವಾಗಿ ತೋರಿಸಲು ಫೈಲೊಂದನ್ನು ಸರಿಮಾಡುತ್ತ ಕೇಳಿದರು.

"ಎಲ್ಲಿ ನಿಂತಿತು? ಸೊಂಗುಲ್ ಹುಟ್ಟಿದಳು. ಅದಾದ ಮೇಲೆ ದೊನ್ದು ಹುಟ್ಟಿದಳು. ಆಮೇಲೆ ತಮ್ಮ. ಅವನಿಗೆ ಮುರಾತ್ ಅಂತ ಇಟ್ಟರು, ಬಯಕೆ ಅಂತ ಅರ್ಥ. ನಾವು ಮೂವರು ಅಕ್ಕಂದಿರು ತಳ್ಳಿಕೊಂಡು ಹೋದ ಗಾಡಿ ಅದು, ಹತ್ತಿ ಕೂತವನು ಅವನು."

ಬೃಂದಮ್ಮ ಫೈಲು ಕೆಳಗಿಟ್ಟರು. ಅರ್ಜಿಗಳು ತಡವಾಗಿ ಓದಲ್ಪಡುವುದು ಮದ್ದೂರಿನ ಕಡೆಯ ತೊಂದರೆ ಮಾತ್ರವಲ್ಲವೆಂದು ಅವರಿಗೆ ಆಗ ತಿಳಿಯಿತು.

ಯೆತೆರ್ ಇನ್ನೊಂದು ಸಂಗತಿ ಹೇಳಿದಳು. ಮೂವತ್ತರ ವಯಸ್ಸಿನಲ್ಲಿ ಹೆಸರು ಬದಲಾಯಿಸಲೆಂದು ಕೋರ್ಟಿಗೆ ಅರ್ಜಿ ಹಾಕಿದ್ದಳಂತೆ. ಹೊಸ ಹೆಸರು ಗುಲ್ ಎಂದೂ ಆರಿಸಿಯಾಗಿತ್ತು. ವಿಚಾರಣೆಯ ದಿನ ಗುಮಾಸ್ತ ಬಾಗಿಲಿಗೆ ಬಂದು, "ಯೆತೆರ್," ಎಂದು ಕರೆದ. ಬೆಂಚಿನ ಮೇಲಿಂದ ನಾಲ್ಕು ಜನ ಹೆಂಗಸರು ಒಟ್ಟಿಗೆ ಎದ್ದು ನಿಂತರು. ನಾಲ್ವರೂ ಬಂದಿದ್ದು ಅದೇ ಕೆಲಸಕ್ಕೆ.

"ಆಮೇಲೆ?"

"ಒಬ್ಬರ ಮುಖ ಒಬ್ಬರು ನೋಡಿದೆವು. ನಗು ಶುರುವಾಯಿತು. ಜಡ್ಜು ಸುಮ್ಮನಿರಿ ಅಂದ. ಸುಮ್ಮನಿರಲಿಕ್ಕೆ ಆಗಲಿಲ್ಲ, ಹೊರಗೆ ಹೋಗಿ ಚಹಾ ಕುಡಿದೆವು. ಒಳಗೆ ವಾಪಸು ಹೋಗಲೇ ಇಲ್ಲ. ಅವರಲ್ಲಿ ಒಬ್ಬಳು ನನ್ನ ಮದುವೆ ಮಾಡಿಸಿದಳು." ಯೆತೆರ್ ಲೋಟ ಕೆಳಗಿಟ್ಟು ಬೃಂದಮ್ಮನ ಎದೆಯ ಮೇಲಿನ ಬ್ಯಾಡ್ಜನ್ನು ಬೆರಳಿನಿಂದ ತಟ್ಟಿದಳು. "ಇದರ ಅರ್ಥ ಏನು?"

"ತುಳಸಿ," ಎಂದರು ಬೃಂದಮ್ಮ.

"ಹೂಂ. ನನ್ನ ಮಲ್ಲಿಗೆಯ ಹಾಗೆ."

ಬೃಂದಮ್ಮ ರೋಗಿಗಳು ಕಾಯುವ ಹಾಲ್‌ನ ಕಡೆ ನೋಡಿದರು. ಡೆಲ್ಮಾ ಇಂಜೆಕ್ಷನ್ ಕೋಣೆಯಲ್ಲಿದ್ದಳು. ಕನ್ನಡ ಬಲ್ಲವರು ಇನ್ಯಾರೂ ಇರಲಿಲ್ಲ. ಆದರೂ ಅವರು ದನಿ ತಗ್ಗಿಸಿ, ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ, ಆ ಮೂರಕ್ಷರ ಹೇಳಿದರು. ಅರ್ಥವನ್ನೂ ಹೇಳಿದರು. ಐದನೆಯದು ತಾನೆಂದೂ, ಆರನೆಯದು ಪಾವನಾ ಎಂದೂ, ಇನ್ನು ಕೆಲವೇ ದಿನಗಳಲ್ಲಿ ಶುಕ್ರವಾರ ಇಡೀ ಊರಿನ ಎದುರು ಮೈಕಿನಲ್ಲಿ ಅದು ಕೇಳಿಸಲಿದೆಯೆಂದೂ ಹೇಳಿದರು.

ಯೆತೆರ್ ನಗಲಿಲ್ಲ. ಮುಖ ಸಪ್ಪಗೂ ಮಾಡಲಿಲ್ಲ. "ಅದಾಶ್," ಎಂದಳು. ಒಂದೇ ಹೆಸರಿನ ಇಬ್ಬರು ಒಬ್ಬರನ್ನೊಬ್ಬರು ಹಾಗೆ ಕರೆಯುತ್ತಾರಂತೆ ಅವಳ ಭಾಷೆಯಲ್ಲಿ.

ಅಂದಿನಿಂದ ಅವಳು ಬಾಗಿಲಲ್ಲಿ ಕಾಲಿಡುತ್ತಲೇ ಹಾಲಿಗೆಲ್ಲ ಕೇಳುವಂತೆ "ಅದಾಶ್" ಎನ್ನುವಳು. "ಎಂತದು ಅಕ್ಕ ಅದು?" ಎಂದು ಡೆಲ್ಮಾ ಕೇಳಿದರೆ ಬೃಂದಮ್ಮ, "ಟರ್ಕಿಯೋರು ರಿಸೆಪ್ಷನಿಸ್ಟ್‌ಗೆ ಹಂಗಂತಾರೆ," ಎಂದುಬಿಟ್ಟರು. ಸರಿಯಾದ ಅರ್ಥವನ್ನೇ ಬೇಡುತ್ತಿದ್ದ ಬಾಯಿಯಿಂದ ಹೊರಬಿದ್ದ ಮೊದಲ ಸುಳ್ಳು ಅರ್ಥವದು.

ಕಾರ್ಯಕ್ರಮಕ್ಕೆ ಎರಡು ದಿನ ಉಳಿದಾಗ ಬೃಂದಮ್ಮ ಜ್ವರ ಬರಿಸಿಕೊಳ್ಳಲು ನೋಡಿದರು. ಕ್ಲಿನಿಕ್ಕಿನಲ್ಲೇ ಇದ್ದುಕೊಂಡು ಸುಳ್ಳು ಜ್ವರ ತೋರಿಸುವುದು ಕಷ್ಟ. ಡೆಲ್ಮಾ ಥರ್ಮಾಮೀಟರ್ ಇಟ್ಟು, "ತೊಂಬತ್ತೆಂಟು ಪಾಯಿಂಟ್ ನಾಲ್ಕು. ನೀವು ನನಗಿಂತ ಆರಾಮ ಇದ್ದೀರಿ ಮಾರಾಯ್ರೆ," ಎಂದಳು.

ಯೆತೆರ್ ಮಾತ್ರ, "ನಾನೂ ಬರುತ್ತೇನೆ," ಎಂದಳು. "ಪಕ್ಕದಲ್ಲೇ ಕೂರುತ್ತೇನೆ. ಹೆಸರು ಕರೆದಾಗ ನಿನ್ನ ಕಾಲು ಏಳದಿದ್ದರೆ ನನ್ನ ಕಾಲು ಏಳುತ್ತದೆ. ನೋವಿರುವುದು ಭುಜಕ್ಕೆ, ಕಾಲಿಗಲ್ಲ." ಆಮೇಲೆ ಸಾಕಮ್ಮ ಎಂಬುದನ್ನು ನಾಲ್ಕು ಸಲ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು.

ಶುಕ್ರವಾರ ಸಂಜೆ ಶಾಲೆಯೊಂದರ ಸಭಾಂಗಣ ತುಂಬಿತ್ತು. ನವೆಂಬರು ಬಂದರೂ ಅಲ್ಲಿನ ಎಸಿಗೆ ಇನ್ನೂ ಜುಲೈ ಮುಗಿದಿರಲಿಲ್ಲ. ಯಾರೋ ಹದಿನಾರು ಡಿಗ್ರಿಗೆ ಇಟ್ಟು ರಿಮೋಟು ಕಳೆದುಹಾಕಿದ್ದರು. ಮಕ್ಕಳ ನೃತ್ಯವಾಯಿತು, ಅಧ್ಯಕ್ಷರ ಭಾಷಣವಾಯಿತು, ಎರಡನೆಯ ಅಧ್ಯಕ್ಷರ ಭಾಷಣವೂ ಆಯಿತು. ಮೂರನೆಯ ಸಾಲಿನಲ್ಲಿ ಬೃಂದಮ್ಮ ರೇಷ್ಮೆ ಸೆರಗನ್ನು ಕುತ್ತಿಗೆಯವರೆಗೆ ಸುತ್ತಿಕೊಂಡು ಕುಳಿತಿದ್ದರು. ಎಡಕ್ಕೆ ಶ್ಯಾಮಸುಂದರ್, ಬಲಕ್ಕೆ ಹಸಿರು ಗೌನು ತೊಟ್ಟ ಯೆತೆರ್.

ವೇದಿಕೆಯ ಕೆಳಗೆ ಶಾಲು, ಹಾರ, ಮೈಸೂರು ಪೇಟದ ತಟ್ಟೆ ಹಿಡಿದು ನಿಂತಿದ್ದವನು ಮನೀಷ್. ಬ್ಯಾಂಕಿನಲ್ಲಿ ಕೆಲಸ, ಬ್ನೇದ್ ಅಲ್ ಗಾರಿನಿಂದ ಈಚೆಗಷ್ಟೇ ಫಹಾಹೀಲಿಗೆ ಮನೆ ಬದಲಾಯಿಸಿದವನು. ಉತ್ಸಾಹ ಅಪಾರ, ಪರಿಚಯ ಕಡಿಮೆ. ಅವನು ಬೃಂದಮ್ಮನನ್ನು ನೋಡಿರಲಿಲ್ಲ. ಕೊನ್ರಾಡ್ ಅವನಿಗೆ ಹೇಳಿದ್ದು ಇಷ್ಟು: "ನಾನು ಹೆಸರು ಓದಿದ ಕೂಡಲೇ ಒಬ್ಬರು ಏಳ್ತಾರೆ. ನೀ ಶಾಲು ಹೊದೆಸಿ ಮೇಲೆ ಕರ್ಕೊಂಡು ಬಾ. ತಡ ಮಾಡಬೇಡ."

ಕೊನ್ರಾಡ್ ಮೈಕಿನ ಮುಂದೆ ನಿಂತ. ಫಲಕ ಎತ್ತಿ ಹಿಡಿದು, ಅಕ್ಷರದ ಕೆಳಗೆ ಬೆರಳಿಟ್ಟು, ಈ ಸಲ ತಪ್ಪಿಲ್ಲವೆಂಬ ಹೆಮ್ಮೆಯಲ್ಲಿ ಓದಿದ:

"ಶ್ರೀಮತಿ ಸಾಕಮ್ಮ ಬಸವೇಗೌಡ."

ಸಭೆಯಲ್ಲಿ ಗುಜುಗುಜು ಎದ್ದಿತು. ಯಾರಪ್ಪ ಇದು ಎಂದು ತಲೆಗಳು ಆ ಕಡೆ ಈ ಕಡೆ ತಿರುಗಿದವು. ಹಿಂದಿನ ಸಾಲಿನಲ್ಲಿ ಯಾರೋ, "ಇನ್ನು ಹೆಣ್ಣು ಬೇಡ ಅಂತಿಟ್ಟಿರ್ಬೇಕು," ಎಂದರು, ಇನ್ಯಾರೋ ಕಿಸಕ್ಕೆಂದರು. ಬೃಂದಮ್ಮನ ಕಾಲು ನೆಲಕ್ಕೆ ಅಂಟಿತ್ತು. ಯೆತೆರ್ ಮೊಣಕೈಯಿಂದ ತಿವಿದಳು. ಅವರು ಏಳಲಿಲ್ಲ. ಮತ್ತೊಮ್ಮೆ ತಿವಿದಳು. ಆಮೇಲೆ ಮಾತಿಗೆ ತಪ್ಪದೆ ತಾನೇ ಎದ್ದು ನಿಂತಳು.

ಮನೀಷ್ ತಡ ಮಾಡಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಯೆತೆರಳ ನೋಯುವ ಭುಜದ ಮೇಲೆ ಶಾಲು, ಕೊರಳಿಗೆ ಹಾರ, ಹೊಂಬಣ್ಣದ ಕೂದಲಿನ ಮೇಲೆ ಜರಿಯ ಪೇಟ. ಕೈಹಿಡಿದು ವೇದಿಕೆಗೆ ಹತ್ತಿಸಿಯೂ ಆಯಿತು. ಸಭೆ ಚಪ್ಪಾಳೆ ತಟ್ಟಿತು. "ಮಂಡ್ಯ ಕಡೆಗೆ ಮದ್ವೆ ಆಗಿ ಬಂದ ಫಾರಿನರ್ ಇರ್ಬೇಕು ಕಣಯ್ಯ, ಎಷ್ಟು ಲಕ್ಷಣವಾಗಿ ಸಾಕಮ್ಮ ಅಂತ ಇಟ್ಕೊಂಡಿದ್ದಾರೆ ನೋಡು," ಎಂದು ಹಿಂದಿನ ಸಾಲು ತೀರ್ಮಾನಿಸಿತು.

ಫಲಕದಿಂದ ತಲೆ ಎತ್ತಿದ ಕೊನ್ರಾಡನ ಮುಖ ಕಳೆದ ವರ್ಷದ ಬಣ್ಣಕ್ಕೆ ತಿರುಗಿತು. ಮೈಕಿಗೆ ಕೈ ಅಡ್ಡ ಹಿಡಿದು ಇಂಗ್ಲಿಷಿನಲ್ಲಿ ಕೇಳಿದ, "ಮೇಡಂ, ನೀವು ಸಾಕಮ್ಮ?"

"ಹೌದು," ಎಂದಳು ಯೆತೆರ್ ಗಂಭೀರವಾಗಿ. "ಅದೇ ಹೆಸರು. ಸೇಮ್ ಸೇಮ್."

ಕೊನ್ರಾಡ್ ಮೂರನೆಯ ಸಾಲಿನತ್ತ ನೋಡಿದ. ಐಡಿ ನೋಡಿದವನು ಅವನೊಬ್ಬನೇ. ಒಳ್ಳೆಯ ಮನುಷ್ಯ, ಸೆರಗಿನಲ್ಲಿ ಮುದುಡಿ ಕುಳಿತ ಬೃಂದಮ್ಮನನ್ನು ನೋಡಿ ಅವನಿಗೆ 'ಕ್ಯಾಮರಾ ಕೆಟ್ಟಿದೆ' ಎಂಬುದರಿಂದ ಹಿಡಿದು ಎಲ್ಲವೂ ಹೊಳೆಯಿತು. ನಿಮ್ಮ ಇಷ್ಟ ಅಕ್ಕ, ನೀವು ಸುಮ್ಮನೆ ಕೂತರೆ ನಾನೂ ಸುಮ್ಮನಿರುತ್ತೇನೆ ಎಂಬಂತೆ ಸಣ್ಣಗೆ ತಲೆಯಾಡಿಸಿದ.

ಹೀಗೆ ದೇವರೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಬಿಡುಗಡೆ ಎದುರಿಗೆ ನಿಂತಿತ್ತು. ಇನ್ನು ಎರಡು ನಿಮಿಷ ಅಲುಗಾಡದೆ ಕುಳಿತರೆ ಸಾಕಮ್ಮ ಎಂಬ ಹೆಸರು ಹಸಿರು ಗೌನಿನ ಜೊತೆ ಟರ್ಕಿಗೆ ಹೊರಟುಹೋಗುತ್ತಿತ್ತು. ಬೃಂದಮ್ಮ ಸಾಯುವವರೆಗೂ ಬೃಂದಮ್ಮನಾಗಿಯೇ ಇರಬಹುದಿತ್ತು. ಶ್ಯಾಮಸುಂದರ್ ಕೂಡ ಬಾಗಿ, "ಬಿಡೇ, ಹೆಂಗೋ ಆಯ್ತಲ್ಲ," ಎಂದ.

ಬೃಂದಮ್ಮ ವೇದಿಕೆಯನ್ನು ನೋಡಿದರು. ಪೇಟ ಯೆತೆರಳ ಕಣ್ಣಿನ ಮೇಲೆ ಜಾರಿತ್ತು. ಅವಳು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಮೂರನೆಯ ಸಾಲಿನತ್ತಲೇ ದಿಟ್ಟಿಸುತ್ತ, ಇನ್ನೂ ಕಾಯುತ್ತಿದ್ದಳು. ಕೊನ್ರಾಡ್ ಫಲಕವನ್ನು ಅವಳ ಕಡೆ ಚಾಚುವುದೋ ಬೇಡವೋ ಎಂದು ಗಾಳಿಯಲ್ಲಿ ಹಿಡಿದಿದ್ದ. ಇಪ್ಪತ್ತೆರಡು ವರ್ಷದಲ್ಲಿ ಬೃಂದಮ್ಮನ ಕೌಂಟರಿನಲ್ಲಿ ಇಂಥದ್ದೊಂದು ನಡೆದಿರಲಿಲ್ಲ. ಕೂಗಿದ್ದು ಒಬ್ಬರನ್ನು, ಎದ್ದು ಹೋದದ್ದು ಇನ್ನೊಬ್ಬರು. ಆ ಹೆಸರಿಗೆ ತಪ್ಪು ಪೇಶಂಟು.

ಅವರು ಎದ್ದು ನಿಂತರು. ಕ್ಲಿನಿಕ್ಕಿನ ಮೂರನೆಯ ಅಂತಸ್ತಿಗೂ ಕೇಳುವ ಆ ದನಿಯಲ್ಲಿ, ಒಂದಕ್ಷರವೂ ಗಾಯಗೊಳ್ಳದಂತೆ ಹೇಳಿದರು:

"ಸಾಕಮ್ಮ ಬಸವೇಗೌಡ. ಅದು ನಾನು ಕಣಪ್ಪ, ಕೊನ್ರಾಡ್."

ಬೃಂದಮ್ಮ ಮೆಟ್ಟಿಲು ಹತ್ತಿದರು. ಯೆತೆರ್ "ಅದಾಶ್" ಎಂದು ಅಪ್ಪಿಕೊಂಡಳು. ಪೇಟ ತಲೆ ಬದಲಾಯಿಸಿತು, ಶಾಲು ಭುಜ ಬದಲಾಯಿಸಿತು. ಹಾರ ಬಿಡಿಸಲು ಹೋಗಿ ಯೆತೆರಳ ಕಿವಿಯೋಲೆಗೆ ಸಿಕ್ಕಿಕೊಂಡಿದ್ದರಿಂದ ಅದು ಅವಳಲ್ಲೇ ಉಳಿಯಿತು. ಹಿಂದಿನ ಸಾಲಿನವರು ತಮ್ಮ ಜೋಕು ಮರೆತು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧ ಜನರ ಹೆಸರನ್ನು ಈ ಮರಳುನಾಡಿನಲ್ಲಿ ಸರಿಯಾಗಿ ಕರೆದಿದ್ದವರು ಇವರೊಬ್ಬರೇ.

ಊಟದ ಸಾಲಿನಲ್ಲಿ ಪಾಯಸ ಬಡಿಸಲು ನಿಂತವನೂ ಮನೀಷನೇ. ಒಂದು ಸೌಟು ಹಾಕಿದ. ಎರಡನೆಯದು ಹಾಕಿದ. ಆಮೇಲೆ ಕೇಳಬೇಕಾದ ಮಾತಿಗೆ ಬೇರೆ ಪದ ಹುಡುಕಿದ. ಕೊನೆಗೆ ಬೆವರುತ್ತ, "ಮೇಡಂ... ಎನಫ್?" ಎಂದ.

"ಇನ್ನೊಂದು ಹಾಕಪ್ಪ," ಎಂದರು ಬೃಂದಮ್ಮ. ಹಾಕಿದ. "ಹಾಂ. ಸಾಕು."

ಇಪ್ಪತ್ತೆರಡು ವರ್ಷದ ಗಡೀಪಾರು ಮುಗಿಸಿ ಆ ಪದ ಮನೆಗೆ ಬಂದಿತ್ತು. ಹಿಂದೆ ತಟ್ಟೆ ಹಿಡಿದು ನಿಂತಿದ್ದ ಡೆಲ್ಮಾಳ ಕಿವಿ ನೆಟ್ಟಗಾಯಿತು.

ಭಾನುವಾರದ ಹೊತ್ತಿಗೆ ಘಟನೆ ಪುರಾಣವಾಗಿತ್ತು. ಬಳಗದ ವಾಟ್ಸಾಪ್ ಗುಂಪಿನಲ್ಲಿ 'ಹೆಸರಿನ ಹಕ್ಕಿಗಾಗಿ ಎದ್ದ ಹೆಣ್ಣು' ಎಂಬ ಶೀರ್ಷಿಕೆಯಲ್ಲಿ ಯಾರೋ ಮೂರು ಪುಟ ಬರೆದಿದ್ದರು. ಸಹಸ್ರಾರು ವರ್ಷಗಳ ಅನ್ಯಾಯಕ್ಕೆ ಫಹಾಹೀಲಿನಲ್ಲಿ ಉತ್ತರ ಸಿಕ್ಕಿತೆಂದು ಒಬ್ಬರು, ಟರ್ಕಿ ಮತ್ತು ಕರ್ನಾಟಕದ ಸೋದರಿಯರ ಒಕ್ಕೂಟ ಸ್ಥಾಪಿಸಬೇಕೆಂದು ಇನ್ನೊಬ್ಬರು. ಡೆಲ್ಮಾ ಡ್ಯೂಟಿಗೆ ಬರುತ್ತಲೇ ಕೌಂಟರಿನ ಮೇಲೆ ಎರಡೂ ಮೊಣಕೈ ಊರಿದಳು. ಮೂವತ್ತೆರಡನೆಯ ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಎರಡು ಹೆಸರುಗಳಿದ್ದವು, ಎರಡಕ್ಕೂ ಸೇರಿ ಪಕ್ಕದಲ್ಲಿ ಒಂದೇ ಅರ್ಥ.

"ಅಕ್ಕ, ಸತ್ಯ ಹೇಳಿ. ಕೊನ್ರಾಡ್ ಸುಮ್ಮನಿರ್ತೇನೆ ಅಂತ ಸನ್ನೆ ಮಾಡಿದನಂತೆ. ನೀವು ಕೂತೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಆ ಹೊತ್ತಲ್ಲಿ ನಿಮ್ಮ ಮನಸ್ಸಲ್ಲಿ ಎಂತ ಬಂತು? ಎಲ್ಲಿಂದ ಬಂತು ಆ ಧೈರ್ಯ?"

ಬೃಂದಮ್ಮ ಪೆನ್ನಿನ ಮುಚ್ಚಳ ತೆಗೆದು ಮುಂದಿನ ರೋಗಿಯತ್ತ ನೋಡಿದರು.

"ಎಸಿ ಹದಿನಾರಲ್ಲಿತ್ತು ಕಣೇ. ಶಾಲು ಅವಳ ಮೇಲಿತ್ತು."